ಡ್ರಾಫ್ಟ್‌ಗೆ ಮುಂಚೆ ಕ್ವಾರ್ಟರ್‌ಬ್ಯಾಕ್ ನೋಡುವಾಗ ನೀವು ಎಲ್ಲಿ ಎಡವಿದಿರಿ?

ಫ್ರಿಸ್ಕೋ_ಮಂಜು

ಏಪ್ರಿಲ್‌ನಲ್ಲಿ ಡ್ರಾಫ್ಟ್. ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಹುಡುಗರನ್ನು ಸರದಿ ಪ್ರಕಾರ ಆರಿಸುವ ದಿನಗಳು. ಅದು ಬಂದರೆ ನಮ್ಮ ಗುಂಪಿನಲ್ಲಿ ಎಲ್ಲರೂ ಪ್ರತಿಭೆ ಅಳೆಯುವ ಸ್ಕೌಟ್‌ಗಳೇ, ಅದರಲ್ಲೂ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ವಿಷಯದಲ್ಲಿ. ಯಾರ ತೋಳಿನಲ್ಲಿ ಬಲ ಇದೆ, ಯಾರು ಎತ್ತರ, ಯಾರು ಮುಂದಿನ ಸ್ಟಾರ್, ಮುಂದಿನ ಪ್ಯಾಟ್ರಿಕ್ ಮಹೋಮ್ಸ್. ಕೂಸು ಹುಟ್ಟುವ ಮುಂಚೆ ಕುಲಾವಿ. ಅದಕ್ಕೇ ಇಲ್ಲಿ ಒಂದು ನಿಯಮ ಇಡುತ್ತೇನೆ. ಈ ವರ್ಷದ ಹುಡುಗರ ಹೆಸರು ಎತ್ತಬೇಡಿ. ಡ್ರಾಫ್ಟ್ ಆಗಿ ಎರಡು ಸೀಸನ್ ಆದರೂ ಕಳೆದಿರಬೇಕು. ಉತ್ತರ ಗೊತ್ತಿರುವ ಪ್ರಶ್ನೆಪತ್ರಿಕೆಯನ್ನೇ ಮತ್ತೆ ಬರೆಯೋಣ.

ನಾನೇ ಶುರು ಮಾಡುತ್ತೇನೆ. ನನ್ನ ಹತ್ತಿರ ಒಂದು ಹಳೇ ನೋಟ್‌ಬುಕ್ ಇದೆ. ಪ್ರತಿ ವರ್ಷ ಒಬ್ಬೊಬ್ಬ ಹುಡುಗನದೂ ಮೂರು ನಾಲ್ಕು ಪಂದ್ಯ ನೋಡಿ ಒಂದು ಸಾಲು ಬರೆಯುತ್ತೇನೆ. ಪೆನ್ನಲ್ಲಿ. ಅಳಿಸುವ ಹಾಗಿಲ್ಲ.

2018ರ ಪುಟ. ಜಾಶ್ ಅಲೆನ್, ವಯೋಮಿಂಗ್. ನಾನು ಬರೆದದ್ದು: "ಗುಡುಗು ಜೋರು, ಮಳೆ ಇಲ್ಲ. ಬೇಡ." ಕಾಲೇಜಿನಲ್ಲಿ ಅವನು ಎಸೆದ ನೂರು ಪಾಸ್‌ಗಳಲ್ಲಿ ಸುಮಾರು 56 ಮಾತ್ರ ತನ್ನ ತಂಡದವರ ಕೈ ಸೇರುತ್ತಿದ್ದವು. ಬಫಲೋ ಬಿಲ್ಸ್ ಅವನನ್ನು 7ನೇ ಆಯ್ಕೆಯಲ್ಲಿ ತೆಗೆದುಕೊಂಡಾಗ ಸೋಫಾ ಮೇಲೆ ಕೂತು ನಕ್ಕಿದ್ದೆ. 2024ರ ಸೀಸನ್‌ಗೆ ಅವನೇ ಎಂವಿಪಿ, ಅಂದರೆ ಲೀಗ್‌ನ ಅತ್ಯುತ್ತಮ ಆಟಗಾರ.

2021ರ ಪುಟ. ಜ್ಯಾಕ್ ವಿಲ್ಸನ್, ಬಿವೈಯು ಕಾಲೇಜು. "ಕಣ್ಣು ಮುಚ್ಚಿ ತೆಗೆದುಕೊಳ್ಳಿ." ಹಿಂದಿನ ಸೀಸನ್‌ನಲ್ಲಿ 33 ಟಚ್‌ಡೌನ್ ಪಾಸ್ (ಅಂಕ ತಂದವು), ಬರೀ 3 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದವು). ಅವನ ಪ್ರೊ ಡೇ (ಸ್ಕೌಟ್‌ಗಳ ಮುಂದೆ ಕಾಲೇಜಿನಲ್ಲೇ ಎಸೆದು ತೋರಿಸುವ ದಿನ) ವಿಡಿಯೋ ನೋಡಿದವರಿಗೆ ಆ ಒಂದು ಎಸೆತ ನೆನಪಿರುತ್ತದೆ. ಎಡಕ್ಕೆ ಓಡುತ್ತಾ, ಕಾಲು ನೆಲಕ್ಕೆ ಊರದೆ, ಮೈದಾನದ ಆ ಕಡೆಗೆ ಉದ್ದಕ್ಕೆ ಬಿಟ್ಟ ಚೆಂಡು. ನಾನು ಅದನ್ನು ಎಷ್ಟು ಸಲ ನೋಡಿದೆ ಎಂದರೆ ಹೆಂಡತಿ ಬಂದು "ಇದೇನು, ಮದುವೆ ವಿಡಿಯೋನಾ?" ಎಂದಳು. ನ್ಯೂಯಾರ್ಕ್ ಜೆಟ್ಸ್ 2ನೇ ಆಯ್ಕೆಯಲ್ಲಿ ತೆಗೆದುಕೊಂಡರು, ಮೂರು ಸೀಸನ್ ಆದ ಮೇಲೆ ಸಾಗಹಾಕಿದರು.

ಎರಡು ಪುಟವನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಆ ಪ್ರೊ ಡೇ ಎಸೆತದಲ್ಲಿ ವಿಲ್ಸನ್ ಎದುರಿಗೆ ಯಾರಿದ್ದರು? ಯಾರೂ ಇಲ್ಲ! 2020ರ ಪಂದ್ಯಗಳಲ್ಲೂ ಹೆಚ್ಚುಕಡಿಮೆ ಅದೇ ಕಥೆ. ಅವನನ್ನು ಕಾಯಲು ಮುಂದೆ ಗಟ್ಟಿ ಲೈನ್, ಕೋವಿಡ್ ವರ್ಷದಲ್ಲಿ ಸಿಕ್ಕಿದ ಎದುರಾಳಿಗಳು, ಆ ಲೈನ್ ಕಾಯುವ ಪಾಕೆಟ್ ಒಳಗೆ ನಿಂತು ಕಾಫಿ ಕುಡಿಯುವಷ್ಟು ಪುರುಸೊತ್ತು. ಅಲೆನ್‌ಗೆ ಆ ಸುಖ ಇರಲಿಲ್ಲ. ಅವನ ಸುತ್ತ ಸದಾ ಗದ್ದಲ. ನಾನು ಅವನ ಅಂಕಿ ನೋಡಿದೆ, ಗದ್ದಲ ನೋಡಲಿಲ್ಲ.

ಅಲ್ಲಿಂದ ಈಚೆಗೆ ನಾನು ಮೊದಲು ನೋಡುವುದು ಒಂದೇ. ಅಂದುಕೊಂಡ ಆಟ ಕೆಟ್ಟುಹೋದ ಮೇಲೆ ಈ ಹುಡುಗ ಏನು ಮಾಡುತ್ತಾನೆ? ಉಳಿದದ್ದೆಲ್ಲ ಆಮೇಲೆ. ಈಗ ನಿಮ್ಮ ಸರದಿ.

ಸುಮ್ನೆ_ಬಂದೋನು

ನಾನು ಬೆಂಗಳೂರಿನವನು, ಅಣ್ಣ ನ್ಯೂಜೆರ್ಸಿಯಲ್ಲಿ ಇದ್ದಾನೆ, ಅವನಿಂದ ಹತ್ತಿದ ಹುಚ್ಚು. ಡ್ರಾಫ್ಟ್‌ನ ಮೊದಲ ದಿನ ನಮಗೆ ಶುಕ್ರವಾರ ಬೆಳಿಗ್ಗೆ 5.30ಕ್ಕೆ ಶುರು. ಹಾಲು ತರುವ ನೆಪದಲ್ಲಿ ಎದ್ದು ನೋಡುತ್ತೇನೆ. ದಡ್ಡ ಪ್ರಶ್ನೆ ಅಂದುಕೊಳ್ಳಬೇಡಿ. ಮೈದಾನದಲ್ಲಿ ಒಂದು ಕಡೆ 11 ಜನ ಇರುತ್ತಾರೆ. ಈ ಒಬ್ಬನ ಬಗ್ಗೆ ಮಾತ್ರ ಇಷ್ಟೊಂದು ಜಗಳ ಯಾಕೆ? ಐಪಿಎಲ್ ಹರಾಜಿನಲ್ಲಿ ತಪ್ಪಾದರೆ ಮುಂದಿನ ವರ್ಷ ಬಿಟ್ಟುಬಿಡುತ್ತಾರೆ, ಅಷ್ಟೇ ಅಲ್ವಾ?

ಸ್ಯಾನ್‌ಹೋಸೆ_ಶೈಲಾ

ದಡ್ಡ ಪ್ರಶ್ನೆ ಏನಲ್ಲ. ಹರಾಜಿನಲ್ಲಿ ಹೋಗುವುದು ದುಡ್ಡು. ಇಲ್ಲಿ ಹೋಗುವುದು ಸರದಿ. ಸೋತ ತಂಡಕ್ಕೆ ಮೊದಲ ಆಯ್ಕೆ, ಗೆದ್ದ ತಂಡಕ್ಕೆ ಕೊನೆಯ ಆಯ್ಕೆ, ಒಟ್ಟು 7 ಸುತ್ತು. ನಿನಗೆ ಬೇಕಾದ ಹುಡುಗ ನಿನ್ನ ಸರದಿಗೆ ಮುಂಚೆ ಹೋಗಿಬಿಡುತ್ತಾನೆ ಎಂದು ಹೆದರಿದರೆ, ಮುಂದಿನ ವರ್ಷಗಳ ಸರದಿಗಳನ್ನು ಕೊಟ್ಟು ಮುಂದಕ್ಕೆ ಹೋಗಬೇಕು.

ನಮ್ಮ ಸ್ಯಾನ್ ಫ್ರಾನ್ಸಿಸ್ಕೋ 49ರ್ಸ್ ಕಥೆ ಕೇಳು. 2021ರಲ್ಲಿ 12ನೇ ಸ್ಥಾನದಲ್ಲಿದ್ದರು. 3ನೇ ಸ್ಥಾನಕ್ಕೆ ಏರಲು ಆ ಆಯ್ಕೆ, 2022ರ ಮೊದಲ ಸುತ್ತು, 2023ರ ಮೊದಲ ಸುತ್ತು, ಮೇಲೆ ಒಂದು ಮೂರನೇ ಸುತ್ತು ಕೊಟ್ಟರು. ತಂದದ್ದು ಟ್ರೇ ಲ್ಯಾನ್ಸ್‌ನನ್ನು. ನಾರ್ತ್ ಡಕೋಟಾ ಸ್ಟೇಟ್ ಹುಡುಗ. 2019ರಲ್ಲಿ 28 ಟಚ್‌ಡೌನ್ ಪಾಸ್, ಒಂದೂ ಇಂಟರ್‌ಸೆಪ್ಷನ್ ಇಲ್ಲ. ಕೇಳಲು ಚೆಂದ. ಆದರೆ ಅದು ಕೆಳಗಿನ ಹಂತದ ಕಾಲೇಜು ಫುಟ್‌ಬಾಲ್. ಮರುವರ್ಷ ಕೋವಿಡ್, ಆಡಿದ್ದು ಒಂದೇ ಪಂದ್ಯ. ಇಡೀ ಕಾಲೇಜು ಜೀವನದಲ್ಲಿ ಅವನು ಎಸೆದದ್ದು 318 ಪಾಸ್. ಆ ವಯಸ್ಸಿನ ಬೇರೆ ಹುಡುಗರು ಒಂದೇ ಸೀಸನ್‌ನಲ್ಲಿ ಅಷ್ಟಕ್ಕಿಂತ ಜಾಸ್ತಿ ಎಸೆದಿರುತ್ತಾರೆ.

ಬಂದ, ಬೆರಳಿಗೆ ಪೆಟ್ಟು ಮಾಡಿಕೊಂಡ, ಎರಡನೇ ವರ್ಷ ಕಣಕಾಲು ಮುರಿದುಕೊಂಡ. 2023ರಲ್ಲಿ ಒಂದು ನಾಲ್ಕನೇ ಸುತ್ತಿನ ಆಯ್ಕೆಗೆ ಡಲ್ಲಾಸ್‌ಗೆ ಕಳಿಸಿದರು. ಪಾಪ, ಅವನದು ತಪ್ಪಿಲ್ಲ. 318 ಪಾಸ್ ನೋಡಿ ಮೂರು ವರ್ಷದ ಭವಿಷ್ಯ ಅಡ ಇಟ್ಟವರದು ತಪ್ಪು.

ಅವನು ಬಿದ್ದ ವರ್ಷವೇ ನಮ್ಮವರು ಡ್ರಾಫ್ಟ್‌ನ ಕಟ್ಟಕಡೆಯ ಆಯ್ಕೆ, 262ನೇದು, ಬ್ರಾಕ್ ಪರ್ಡಿಯನ್ನು ತಂದಿದ್ದರು. ಕೊನೆಗೆ ಲ್ಯಾನ್ಸ್ ಜಾಗ ಅವನ ಪಾಲಾದದ್ದು ನಿಮಗೆಲ್ಲ ಗೊತ್ತು.

ಲೆಕ್ಕದ_ಮೇಷ್ಟ್ರು

ಮಂಜು ಅವರು ಹೇಳಿದ್ದಕ್ಕೆ ಒಂದು ಲೆಕ್ಕ ಇದೆ. ಎದುರಾಳಿ ಮೈಮೇಲೆ ಬಂದ ಸಲಗಳಲ್ಲಿ ಎಷ್ಟು ಸಲ ಇವನು ಚೆಂಡು ಹಿಡಿದುಕೊಂಡೇ ನೆಲಕ್ಕೆ ಬಿದ್ದ? ಅಂದರೆ ಒತ್ತಡ ಎಷ್ಟು, ಅದರಲ್ಲಿ ಸ್ಯಾಕ್ ಎಷ್ಟು. ಸ್ಯಾಕ್ ಆದರೆ ಲೈನ್‌ನವರನ್ನು ಬೈಯುವುದು ನಮ್ಮ ಅಭ್ಯಾಸ. ಆದರೆ ತಂಡ ಬದಲಾದರೂ, ಲೈನ್ ಬದಲಾದರೂ, ಕೆಲವರು ಬೀಳುತ್ತಲೇ ಇರುತ್ತಾರೆ, ಕೆಲವರು ಬೀಳುವುದೇ ಇಲ್ಲ. ಚೆಂಡು ಬಿಡುವ ಹೊತ್ತು ಎನ್ನುವುದು ಅವರವರ ಸ್ವಭಾವ. ಜಸ್ಟಿನ್ ಫೀಲ್ಡ್ಸ್ ಓಹಾಯೋ ಸ್ಟೇಟ್‌ನಲ್ಲೂ ಚೆಂಡನ್ನು ಹಿಡಿದುಕೊಂಡೇ ನಿಲ್ಲುತ್ತಿದ್ದ. 2022ರಲ್ಲಿ ಷಿಕಾಗೋದಲ್ಲಿ 55 ಸಲ ಸ್ಯಾಕ್ ಆದ.

ಎರಡನೇ ಲೆಕ್ಕ ಇನ್ನೂ ಹಳೆಯದು. ಡೇವಿಡ್ ಲೆವಿನ್ ಎಂಬುವರು ಎರಡೇ ಅಂಕಿ ಹಿಡಿದು ಒಂದು ಸೂತ್ರ ಮಾಡಿದ್ದರು. ಕಾಲೇಜಿನಲ್ಲಿ ಎಷ್ಟು ಪಂದ್ಯ ಶುರುವಿನಿಂದ ಆಡಿದ್ದಾನೆ, ಎಷ್ಟು ಶೇಕಡಾ ಪಾಸ್ ಕೈ ಸೇರಿವೆ. ಪಂದ್ಯ ಜಾಸ್ತಿ ಆದಷ್ಟೂ ಸ್ಕೌಟ್‌ಗಳಿಗೆ ಅವನ ಹುಳುಕು ಕಾಣುತ್ತದೆ. ಹುಳುಕು ಕಂಡ ಮೇಲೂ ಮೊದಲ ಸುತ್ತಿನಲ್ಲೇ ಹೋದರೆ ಅವನಲ್ಲಿ ಏನೋ ಇದೆ ಎಂದರ್ಥ. ಮಿಚ್ ಟ್ರುಬಿಸ್ಕಿ ಕಾಲೇಜಿನಲ್ಲಿ ಶುರುವಿನಿಂದ ಆಡಿದ್ದು 13 ಪಂದ್ಯ, 2017ರ 2ನೇ ಆಯ್ಕೆ. ಆಂಥನಿ ರಿಚರ್ಡ್‌ಸನ್‌ದೂ 13, 2023ರ 4ನೇ ಆಯ್ಕೆ. ಲ್ಯಾನ್ಸ್ 17.

ಮೂರನೇದು, ನೊಬೆಲ್ ಬಂದ ರಿಚರ್ಡ್ ಥೇಲರ್ ಮತ್ತು ಕೇಡ್ ಮ್ಯಾಸಿ ಡ್ರಾಫ್ಟ್ ಬಗ್ಗೆ ಒಂದು ಅಧ್ಯಯನ ಮಾಡಿದ್ದಾರೆ. ಒಂದೇ ಸ್ಥಾನಕ್ಕೆ ಮೊದಲು ಆರಿಸಿದವನು ಅವನ ನಂತರ ಆರಿಸಿದವನಿಗಿಂತ ಚೆನ್ನಾಗಿ ಆಡುವ ಸಾಧ್ಯತೆ ನಾಣ್ಯ ಚಿಮ್ಮಿದ್ದಕ್ಕಿಂತ ಸ್ವಲ್ಪವೇ ಮೇಲು. ಆದರೂ ತಂಡಗಳು ಮೇಲೇರಲು ಸುರಿಯುವ ಬೆಲೆ ನೋಡಿದರೆ ಅವರಿಗೆ ಭವಿಷ್ಯ ಕಾಣುತ್ತಿದೆ ಎಂದೇ ಅನಿಸಬೇಕು.

ಘಾಟಿ_ಜಾತ್ರೆ

ಮೇಷ್ಟ್ರ ಲೆಕ್ಕ ಓದಿ ತಲೆ ಬಿಸಿಯಾಯಿತು, ಸ್ವಲ್ಪ ಹಗುರ ಮಾಡುತ್ತೇನೆ.

ನಮ್ಮ ತಾತ ಘಾಟಿ ದನಗಳ ಜಾತ್ರೆಗೆ ತಪ್ಪದೆ ಹೋಗುತ್ತಿದ್ದರು. ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುವುದು, ಸುಳಿ ನೋಡುವುದು, ಗೊರಸು ತಟ್ಟುವುದು. ಇಂಡಿಯಾನಾಪೊಲಿಸ್‌ನಲ್ಲಿ ಡ್ರಾಫ್ಟ್ ಮುಂಚೆ ಹುಡುಗರನ್ನು ಅಳೆದು ಓಡಿಸಿ ನೋಡುವ ಕಂಬೈನ್ ಟಿವಿಯಲ್ಲಿ ನೋಡಿದಾಗ ನನಗೆ ಅದೇ ಜಾತ್ರೆ. ಹುಡುಗರನ್ನು ಸಾಲಾಗಿ ನಿಲ್ಲಿಸಿ ತೂಕ, ಎತ್ತರ, ಕೊನೆಗೆ ಗೇಣು ಅಳೆಯುತ್ತಾರೆ! ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ. ಕೆನ್ನಿ ಪಿಕೆಟ್‌ನ ಗೇಣು ಎಂಟೂವರೆ ಇಂಚು ಎಂದು 2022ರಲ್ಲಿ ಎಷ್ಟು ಗಲಾಟೆ. ಜೋ ಬರೋದು ಒಂಬತ್ತು ಇಂಚು ಎಂದು ಗೊತ್ತಾದ ದಿನ, ಇಷ್ಟು ಪುಟ್ಟ ಕೈಯಿಂದ ಚೆಂಡು ಜಾರುತ್ತದಂತೆ, ನಿವೃತ್ತಿ ಬಗ್ಗೆ ಯೋಚಿಸುತ್ತಿದ್ದೇನೆ ಅಂತ ಅವನೇ ತಮಾಷೆ ಮಾಡಿದ್ದ. ಅದೇ ಕೈಯಲ್ಲಿ ಹಿಂದಿನ ಸೀಸನ್ ಎಲ್‌ಎಸ್‌ಯು ಕಾಲೇಜಿಗೆ 60 ಟಚ್‌ಡೌನ್ ಎಸೆದಿದ್ದ. ಸಿನ್ಸಿನಾಟಿಯನ್ನು ಎರಡನೇ ವರ್ಷವೇ ಲೀಗ್‌ನ ಫೈನಲ್ ಸೂಪರ್ ಬೌಲ್‌ಗೆ ಕರೆದುಕೊಂಡು ಹೋದ.

ಟಾಮ್ ಬ್ರೇಡಿ 40 ಗಜ ಓಡಲು 5.28 ಸೆಕೆಂಡ್ ತೆಗೆದುಕೊಂಡಿದ್ದ. ನಮ್ಮ ತಾತ ಎತ್ತು ಬಿಚ್ಚಿಕೊಂಡು ಓಡಿದರೆ ಅದಕ್ಕಿಂತ ಜೋರಾಗಿ ಓಡುತ್ತಿದ್ದರು. 199ನೇ ಆಯ್ಕೆ, ಏಳು ಸೂಪರ್ ಬೌಲ್.

ಇನ್ನೊಂದು ಹೋಲಿಕೆ. ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರೆ, ಪಕ್ಕದವನಿಗೆ ಬೆಲೆ ಗೊತ್ತಾಗಬಾರದು. ಡ್ರಾಫ್ಟ್ ಮುಂಚೆ ತಂಡಗಳು ಬಿಡುವ ಸುದ್ದಿಗಳೆಲ್ಲ ಟವೆಲ್ಲೇ. ಆದರೆ ತಾತ ಎಲ್ಲ ನೋಡಿದ ಮೇಲೆ ಕೊನೆಗೆ ಒಂದು ಮಾತು ಹೇಳುತ್ತಿದ್ದರು, "ಗಾಡಿಗೆ ಕಟ್ಟಿ ನೋಡೋಣ." ಇಲ್ಲಿ ಕಟ್ಟಿ ನೋಡಲು ಗಾಡಿಯೇ ಸಿಗುವುದಿಲ್ಲ.

ಬಫಲೋ_ಭಟ್ಟ

ಮಂಜು, ನಿಮ್ಮ ನೋಟ್‌ಬುಕ್‌ನ ಆ ಸಾಲಿನ ಫೋಟೋ ಹಾಕಿ. ಫ್ರೇಮ್ ಹಾಕಿಸಿ ನಮ್ಮ ಮನೆಯಲ್ಲಿ ತೂಗುಹಾಕುತ್ತೇನೆ.

ಆದರೆ ನಿಮ್ಮ ತೀರ್ಮಾನ ನಾನು ಒಪ್ಪುವುದಿಲ್ಲ. ಅಲೆನ್ ಕಾಲೇಜಿನಲ್ಲೇ ಒತ್ತಡದಲ್ಲಿ ಚೆನ್ನಾಗಿದ್ದ, ನೀವು ಗಮನಿಸಲಿಲ್ಲ ಅಂತೀರಿ. ನಾನು ಬಫಲೋದಲ್ಲಿ ಅವನ ಮೊದಲ ಎರಡು ವರ್ಷದ ಪ್ರತಿ ಪಂದ್ಯ ನೋಡಿದ್ದೇನೆ, ಚಳಿಯಲ್ಲಿ ಸ್ಟೇಡಿಯಂನಲ್ಲಿ ಕೂತು. ಒತ್ತಡ ಬಂದರೆ ಹಿಂದಕ್ಕೆ ಹಿಂದಕ್ಕೆ ಓಡಿ, ಎಲ್ಲೋ ಎಸೆದು, ದೇವರೇ ಗತಿ ಅನ್ನುವ ಹಾಗೆ ಆಡುತ್ತಿದ್ದ. ಕೈ ಸೇರಿದ ಪಾಸ್ ಮೊದಲ ವರ್ಷ 52.8 ಶೇಕಡಾ, ಎರಡನೇ ವರ್ಷ 58.8. ಮೂರನೇ ವರ್ಷ ಒಂದೇ ನೆಗೆತಕ್ಕೆ 69.2!

ಆ ಮೂರು ವರ್ಷದಲ್ಲಿ ಏನು ನಡೆಯಿತು? ಬ್ರಯಾನ್ ಡೇಬಾಲ್ ಎಂಬ ಒಬ್ಬನೇ ಆಫೆನ್ಸ್ (ದಾಳಿ ಆಟದ) ಕೋಚ್, ನಾಲ್ಕು ಸೀಸನ್ ಬದಲಾಗಲಿಲ್ಲ. ಲೈನ್ ಕಟ್ಟಿದರು. 2020ರಲ್ಲಿ ಪಾಸ್ ಹಿಡಿಯುವ ರಿಸೀವರ್ ಸ್ಟೆಫಾನ್ ಡಿಗ್ಸ್‌ನನ್ನು ತಂದರು. ಹುಡುಗ ಕಾಲಿನ ಹೆಜ್ಜೆ ತಿದ್ದಿಕೊಂಡ.

ಈಗ ಅದೇ 2018ರ ಇನ್ನೊಬ್ಬ ಜಾಶ್. ಜಾಶ್ ರೋಸೆನ್, 10ನೇ ಆಯ್ಕೆ, ಅರಿಝೋನಾ. ಎಸೆಯುವ ಶೈಲಿ ಪಠ್ಯಪುಸ್ತಕದ ಚಿತ್ರದ ಹಾಗೆ. ಮೊದಲ ಸೀಸನ್ ನಡುವೆಯೇ ಆಫೆನ್ಸ್ ಕೋಚ್ ಮನೆಗೆ. ಸೀಸನ್ ಮುಗಿದ ಕೂಡಲೇ ಮುಖ್ಯ ಕೋಚ್ ಮನೆಗೆ. ಮರು ಏಪ್ರಿಲ್‌ಗೆ ತಂಡ ಕೈಲರ್ ಮರ್ರಿಯನ್ನು ಮೊದಲ ಆಯ್ಕೆಯಲ್ಲಿ ತಂದು ಇವನನ್ನು ಮಯಾಮಿಗೆ ರವಾನಿಸಿತು. ಇಬ್ಬರು ಜಾಶ್‌ಗಳನ್ನು ಅದಲುಬದಲು ಮಾಡಿದ್ದರೆ ಏನಾಗುತ್ತಿತ್ತು? ರೋಸೆನ್ ಎಂವಿಪಿ ಆಗುತ್ತಿದ್ದ ಎಂದು ನಾನು ಹೇಳುವುದಿಲ್ಲ. ಅಲೆನ್ ಮಾತ್ರ ಅರಿಝೋನಾದಲ್ಲಿ ಹಾಳಾಗುತ್ತಿದ್ದ, ಅದು ಗ್ಯಾರಂಟಿ.

ಸ್ಯಾಮ್ ಡಾರ್ನಾಲ್ಡ್‌ನನ್ನೂ ಸೇರಿಸಿಕೊಳ್ಳಿ. ಅದೇ ವರ್ಷದ 3ನೇ ಆಯ್ಕೆ. ಜೆಟ್ಸ್‌ನಲ್ಲಿ ಮುಗಿದ ಕಥೆ ಅಂದರು, ಕ್ಯಾರೊಲೈನಾದಲ್ಲೂ ಅಷ್ಟೇ. 2024ರಲ್ಲಿ ಮಿನೆಸೋಟಾಗೆ ಹೋಗಿ 14 ಪಂದ್ಯ ಗೆದ್ದ. ಹುಡುಗ ಅದೇ, ತೋಳು ಅದೇ.

ಫ್ರಿಸ್ಕೋ_ಮಂಜು

ಭಟ್ರೇ, ಫೋಟೋ ಹಾಕಲ್ಲ. 🙂

ನಿಮ್ಮ ಮಾತು ಅರ್ಧ ಒಪ್ಪಿದೆ. ಅಲೆನ್ ವಿಷಯದಲ್ಲಿ ನಾನು ಈಗ ಹೇಳುತ್ತಿರುವುದೂ ಹಿಂದಕ್ಕೆ ತಿರುಗಿ ಕಟ್ಟಿದ ಕಥೆ ಇರಬಹುದು. ಆದರೆ ತಂಡ ಮುಖ್ಯ ಎಂದುಬಿಟ್ಟರೆ ಡ್ರಾಫ್ಟ್ ಮುಂಚೆ ಕೂತು ನೋಡುವ ನಮಗೆ ಕೆಲಸವೇ ಇಲ್ಲ. ಯಾವ ತಂಡಕ್ಕೆ ಹೋಗುತ್ತಾನೆ ಎಂದು ಆ ರಾತ್ರಿಯ ತನಕ ಗೊತ್ತಾಗುವುದಿಲ್ಲವಲ್ಲ.

ಕಾಲೇಜು ಆಟ ನೋಡುವುದೇ ಯಾಕೆ ಕಷ್ಟ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೆಂಗಳೂರಿನ ತಮ್ಮನಿಗೂ ಆಯಿತು. ನನ್ನ ಮಗ ಇಲ್ಲಿ ಹೈಸ್ಕೂಲ್‌ನಲ್ಲಿ ಆಡುತ್ತಾನೆ. ಕ್ವಾರ್ಟರ್‌ಬ್ಯಾಕ್ ಅಲ್ಲ, ಬೆಂಚು ಕಾಯುವ ರಿಸೀವರ್. ಅವರ ಆಟದಲ್ಲಿ ಎಲ್ಲರೂ ಸಾಲಾಗಿ ನಿಂತು ಒಮ್ಮೆಗೇ ಬದಿಗೆ ತಿರುಗಿ ನೋಡುತ್ತಾರೆ. ಅಲ್ಲಿ ಕೋಚ್ ಕೈಸನ್ನೆ ಮಾಡುತ್ತಾನೆ, ಇಲ್ಲಿ ಆಟ ಬದಲಾಗುತ್ತದೆ. ಹುಡುಗ ಯೋಚಿಸಲಿಲ್ಲ, ಯೋಚಿಸಿದ್ದು ಕೋಚ್. ಎಷ್ಟೋ ಕಾಲೇಜು ತಂಡಗಳೂ ಹೀಗೇ ಆಡಿವೆ. ಎನ್‌ಎಫ್‌ಎಲ್‌ನಲ್ಲಿ ಹೆಲ್ಮೆಟ್ ಒಳಗೆ ಕೋಚ್ ಮಾತು ಕೇಳುತ್ತದೆ, ಆದರೆ ಮುಂದಿನ ಆಟ ಶುರು ಮಾಡಲು ಗಡುವು ಇಡುವ ಪ್ಲೇ ಕ್ಲಾಕ್‌ನಲ್ಲಿ 15 ಸೆಕೆಂಡ್ ಉಳಿದಾಗ ರೇಡಿಯೋ ಕಟ್. ಆಮೇಲೆ ಎದುರಾಳಿ ಡಿಫೆನ್ಸ್ ವೇಷ ಬದಲಿಸುತ್ತದೆ, ಆಗ ನಿನ್ನ ತಲೆ ನಿನ್ನದು. ಇದನ್ನು ಕಾಲೇಜು ಟೇಪಿನಲ್ಲಿ ಎಲ್ಲಿ ಹುಡುಕುವುದು?

ಮೈದಾನವೂ ಒಂದೇ ಅಲ್ಲ. ಪ್ರತಿ ಆಟಕ್ಕೆ ಚೆಂಡು ಇಡುವುದು ಎರಡು ಸಾಲು ಹ್ಯಾಶ್ ಗೆರೆಗಳ ಒಳಗೆ. ಕಾಲೇಜಿನಲ್ಲಿ ಆ ಗೆರೆಗಳ ನಡುವೆ 40 ಅಡಿ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಇಂಚು. ಅಂದರೆ ಕಾಲೇಜಿನಲ್ಲಿ ಚೆಂಡು ಒಂದು ಪಕ್ಕದಲ್ಲಿ ಇದ್ದರೆ ಇನ್ನೊಂದು ಪಕ್ಕ ಬಯಲೋ ಬಯಲು. ರಿಸೀವರ್‌ಗೆ ಎಕರೆಗಟ್ಟಲೆ ಜಾಗ. ಒಂದು ಗಜ ಆಚೀಚೆ ಎಸೆದರೂ ನಡೆಯುತ್ತದೆ. ದೊಡ್ಡ ಲೀಗ್‌ನಲ್ಲಿ ಅದೇ ಚೆಂಡು ಎದುರಾಳಿ ಕೈಗೆ.

ಶೇಕಡಾ ಲೆಕ್ಕದಲ್ಲೂ ಮೋಸ ಇದೆ. ಲೈನ್ ಹಿಂದೆಯೇ ಪಕ್ಕದವನಿಗೆ ಕೊಡುವ ಸ್ಕ್ರೀನ್ ಪಾಸ್‌ಗಳನ್ನು ತೆಗೆದು ನೋಡಿ, ಎಷ್ಟೋ ಜನರ 70 ಶೇಕಡಾ ಕರಗಿಹೋಗುತ್ತದೆ. ಅದಕ್ಕೇ ನಾನು ಟೇಪ್ ನೋಡುವಾಗ ಮೂರನೇ ಡೌನ್ (ನಾಲ್ಕು ಯತ್ನಗಳಲ್ಲಿ ಮೂರನೇದು), ಏಳು ಗಜಕ್ಕಿಂತ ಜಾಸ್ತಿ ಬೇಕಾದ ಆಟಗಳನ್ನು ಮಾತ್ರ ಮೊದಲು ನೋಡುತ್ತೇನೆ. ಪಾಸ್ ಎಸೆಯುತ್ತಾನೆ ಎಂದು ಎದುರಾಳಿಗೂ ಗೊತ್ತು, ಇವನಿಗೂ ಗೊತ್ತು. ಅಲ್ಲಿ ಬಚ್ಚಿಟ್ಟುಕೊಳ್ಳಲು ಜಾಗ ಇಲ್ಲ. ಗಾಡಿ ಸಿಗುವುದಿಲ್ಲ ಎಂದರಲ್ಲ ಘಾಟಿಯವರು, ನನಗೆ ಸಿಕ್ಕಿದ ಗಾಡಿ ಇದು.

ಇಂಡಿ_ಫಿಲ್ಟರ್‌ಕಾಫಿ

ಮೇಷ್ಟ್ರು ರಿಚರ್ಡ್‌ಸನ್ ಹೆಸರು ಎತ್ತಿ ನನ್ನ ಗಾಯಕ್ಕೆ ಉಪ್ಪು ಹಾಕಿದರು. ಕಂಬೈನ್‌ನಲ್ಲಿ ನಿಂತಲ್ಲಿಂದಲೇ 40.5 ಇಂಚು ಮೇಲಕ್ಕೆ ನೆಗೆದ, ಆವತ್ತಿಗೆ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ದಾಖಲೆ. 40 ಗಜ 4.43 ಸೆಕೆಂಡ್. ಫ್ಲಾರಿಡಾದಲ್ಲಿ ಕೊನೆಯ ಸೀಸನ್‌ನ ಪಾಸ್ 53.8 ಶೇಕಡಾ. ನಾವು ಇಂಡಿಯಾನಾಪೊಲಿಸ್ ಕೋಲ್ಟ್ಸ್ ಅಭಿಮಾನಿಗಳು ನೆಗೆತ ನೋಡಿದೆವು. ಅಲೆನ್‌ನನ್ನು ತೋರಿಸಿ "ಅವನೂ ಹೀಗೇ ಇದ್ದ, ಆಮೇಲೆ ಸರಿಯಾದ" ಎಂದು ಸಮಾಧಾನ ಮಾಡಿಕೊಂಡೆವು. ಭಟ್ರೇ, ನಿಮ್ಮ ಒಬ್ಬ ಅಲೆನ್‌ನಿಂದ ಎಷ್ಟು ತಂಡಗಳು ಹಾಳಾದವು ಗೊತ್ತಾ?

2024ರಲ್ಲಿ ಒಂದು ಪಂದ್ಯದ ನಡುವೆ ಸುಸ್ತಾಯಿತು ಎಂದು ಒಂದು ಆಟಕ್ಕೆ ಹೊರಗೆ ಬಂದ. ಮುಂದಿನ ವಾರ ಬೆಂಚು. 2025ಕ್ಕೆ ಜಾಗ ಡ್ಯಾನಿಯಲ್ ಜೋನ್ಸ್ ಪಾಲಾಯಿತು.

ನಮ್ಮ ಊರಿನ ಹಳೇ ಕಥೆಯೂ ಒಂದಿದೆ. 1998. ಪೇಟನ್ ಮ್ಯಾನಿಂಗಾ, ರಯಾನ್ ಲೀಫಾ? ಆಗ ಇದು ನಿಜವಾದ ಜಗಳ. ಲೀಫ್‌ನ ತೋಳೇ ಬಲ ಎನ್ನುವವರು ಬಹಳ ಜನ ಇದ್ದರು. ನಾವು ಮ್ಯಾನಿಂಗ್‌ನನ್ನು ತಂದೆವು, ಸ್ಯಾನ್ ಡಿಯೇಗೋ ಲೀಫ್‌ನನ್ನು. ಲೀಫ್‌ನ ಮೂರನೇ ಪಂದ್ಯ ಕ್ಯಾನ್ಸಸ್ ಸಿಟಿಯಲ್ಲಿ. 15 ಪಾಸ್ ಎಸೆದ, ಒಂದು ಕೈ ಸೇರಿತು, ಒಟ್ಟು 4 ಗಜ.

ಆದರೆ ಮ್ಯಾನಿಂಗ್ ಮೊದಲ ವರ್ಷ ಏನು ಮಾಡಿದ? 28 ಇಂಟರ್‌ಸೆಪ್ಷನ್. ಹೊಸಬರಲ್ಲಿ ದಾಖಲೆ. ತಂಡ ಗೆದ್ದದ್ದು ಮೂರು, ಸೋತದ್ದು 13. ಅಂಕಿ ಮಾತ್ರ ನೋಡಿದರೆ ಇಬ್ಬರೂ ಬಾವಿಗೆ ಬಿದ್ದವರೇ. ಆದರೆ ಮ್ಯಾನಿಂಗ್ ಸ್ಯಾಕ್ ಆಗುತ್ತಿದ್ದದ್ದು ಕಡಿಮೆ. ಚೆಂಡು ಬಿಡುತ್ತಿದ್ದ. ತಪ್ಪು ಜಾಗಕ್ಕೆ ಬಿಡುತ್ತಿದ್ದ, ಸರಿ, ಆದರೆ ಹೊತ್ತಿಗೆ ಬಿಡುತ್ತಿದ್ದ. ಜಾಗ ಆಮೇಲೆ ಕಲಿಯಬಹುದು. ಮಂಜು ಅವರ ಮಾತಿಗೆ ಇದು ನನ್ನ ಒಂದು ಓಟು.

ಸುಮ್ನೆ_ಬಂದೋನು

ಶೆಡರ್ ಸ್ಯಾಂಡರ್ಸ್ ಬಗ್ಗೆ ಯಾರೂ ಮಾತಾಡಲ್ವಾ? ಮೊದಲ ಸುತ್ತು ಎಂದವರು ಐದನೇ ಸುತ್ತು, 144ನೇ ಆಯ್ಕೆ ತನಕ...

ಫ್ರಿಸ್ಕೋ_ಮಂಜು

ತಮ್ಮಾ, 2025. ಎರಡು ಸೀಸನ್ ಆಗಿಲ್ಲ. ನಿಯಮ ಓದು.

ಸುಮ್ನೆ_ಬಂದೋನು

ತಪ್ಪಾಯ್ತು ಸರ್.

ಲೆಕ್ಕದ_ಮೇಷ್ಟ್ರು

ನನ್ನದೇ ಲೆಕ್ಕಕ್ಕೆ ನಾನೇ ಒಂದು ಪೆಟ್ಟು ಕೊಡಬೇಕು, ಇಲ್ಲದಿದ್ದರೆ ಅದು ಮೇಷ್ಟ್ರ ಕೆಲಸ ಅಲ್ಲ.

ಜೇಡನ್ ಡ್ಯಾನಿಯಲ್ಸ್, 2024ರ 2ನೇ ಆಯ್ಕೆ. ಒತ್ತಡಕ್ಕೆ ಸ್ಯಾಕ್ ಲೆಕ್ಕ ಕಾಲೇಜಿನಲ್ಲಿ ಅವನದು ಚೆನ್ನಾಗಿರಲಿಲ್ಲ, ನನ್ನಂಥವರೆಲ್ಲ ಗೊಣಗಿದ್ದೆವು. ವಾಷಿಂಗ್ಟನ್‌ಗೆ ಹೋದ ಮೊದಲ ವರ್ಷವೇ ಆಫೆನ್ಸ್ ಹೊಸಬರ ಪ್ರಶಸ್ತಿ ಗೆದ್ದ, ತಂಡವನ್ನು ಎನ್‌ಎಫ್‌ಸಿ ಫೈನಲ್ (ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಮುಂಚೆ) ತನಕ ಒಯ್ದ. ಕೋಚ್ ಕ್ಲಿಫ್ ಕಿಂಗ್ಸ್‌ಬರಿ ಅವನಿಗೆ ಹೊಂದುವ ಆಟ ಕೊಟ್ಟ, ಅಪಾಯ ಕಂಡರೆ ಇವನು ಕಾಲಿಗೆ ಬುದ್ಧಿ ಹೇಳಿದ. ಕ್ಯಾಲೆಬ್ ವಿಲಿಯಮ್ಸ್ ಅದೇ ಡ್ರಾಫ್ಟ್‌ನ ಮೊದಲ ಆಯ್ಕೆ, ಮೊದಲ ಸೀಸನ್ 68 ಸ್ಯಾಕ್. ಅದರಲ್ಲಿ ಎಷ್ಟು ಅವನದು, ಎಷ್ಟು ಷಿಕಾಗೋ ಲೈನಿನದು? ಬಿಡಿಸುವುದು ಸುಲಭ ಅಲ್ಲ. 2002ರಲ್ಲಿ ಹೊಸದಾಗಿ ಹುಟ್ಟಿದ ಹ್ಯೂಸ್ಟನ್ ತಂಡ ಡೇವಿಡ್ ಕಾರ್‌ನನ್ನು ಮೊದಲ ಆಯ್ಕೆಯಲ್ಲಿ ತಂದು 76 ಸಲ ನೆಲಕ್ಕೆ ಬೀಳಿಸಿಕೊಂಡಿತು. ಅದು ಇಂದಿಗೂ ದಾಖಲೆ. ಆ ಹುಡುಗ ಒಳ್ಳೆಯವನಿದ್ದನೋ ಇಲ್ಲವೋ, ಯಾರಿಗೂ ತಿಳಿಯುವ ಅವಕಾಶವೇ ಸಿಗಲಿಲ್ಲ.

ಹಾಗಾಗಿ ಭಟ್ರ ಮಾತಿಗೂ ತೂಕ ಇದೆ.

ಸ್ಯಾನ್‌ಹೋಸೆ_ಶೈಲಾ

ಲಾಮಾರ್ ಜ್ಯಾಕ್ಸನ್ ಹೆಸರು ಇಲ್ಲಿಯವರೆಗೆ ಬಂದೇ ಇಲ್ಲ, ನೋಡಿ. 2018ರ ಬಗ್ಗೆ ಇಷ್ಟು ಮಾತಾಡಿದಿರಿ, ಎರಡು ಸಲ ಎಂವಿಪಿ ಆದವನನ್ನು ಮರೆತಿರಿ. ಆವತ್ತೂ ಹೀಗೇ ಆಯಿತು.

2016ರಲ್ಲಿ ಕಾಲೇಜಿನ ಅತ್ಯುತ್ತಮ ಆಟಗಾರನ ಪ್ರಶಸ್ತಿ ಹೈಸ್‌ಮನ್ ಗೆದ್ದ ಹುಡುಗ. ತಂಡಗಳ ಮ್ಯಾನೇಜರ್ ಆಗಿದ್ದ ಬಿಲ್ ಪೋಲಿಯನ್ ಅಂಥ ಹಿರಿಯರೇ ಅವನು ರಿಸೀವರ್ ಆಗಲಿ ಎಂದರು. ಓಡುತ್ತಾನೆ, ಆದ್ದರಿಂದ ಎಸೆಯಲು ಬರುವುದಿಲ್ಲ ಎನ್ನುವ ತರ್ಕ. ಕಪ್ಪು ಹುಡುಗರಿಗೆ ಈ ಮಾತು ಹೇಳುತ್ತಾ ಬಂದದ್ದು ಇವತ್ತು ನಿನ್ನೆಯದಲ್ಲ. ವಾರೆನ್ ಮೂನ್ 1978ರಲ್ಲಿ ಯಾರೂ ಆರಿಸದೆ ಕೆನಡಾಕ್ಕೆ ಹೋಗಿ, ಅಲ್ಲಿ ಕಪ್ ಮೇಲೆ ಕಪ್ ಗೆದ್ದು, ಆಮೇಲೆ ಇಲ್ಲಿಗೆ ಬರಬೇಕಾಯಿತು. ಮೂನ್ ಈಗ ಹಾಲ್ ಆಫ್ ಫೇಮ್‌ನಲ್ಲಿ ಇದ್ದಾರೆ.

ಲಾಮಾರ್ ಕಂಬೈನ್‌ನಲ್ಲಿ ಓಡಲೇ ಇಲ್ಲ. ಓಡಿದರೆ "ನೋಡಿ, ರಿಸೀವರ್" ಎನ್ನುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಬಾಲ್ಟಿಮೋರ್ ಮೊದಲ ಸುತ್ತಿನ ಕೊನೆಗೆ, 32ನೇ ಸ್ಥಾನಕ್ಕೆ ಏರಿ ತೆಗೆದುಕೊಂಡಿತು. ಬೆಳಗಾಗುವ ತನಕ ಕಾಯಲಿಲ್ಲ, ಏಕೆಂದರೆ ಮೊದಲ ಸುತ್ತಿನವನ ಒಪ್ಪಂದವನ್ನು ತಂಡ ಐದನೇ ವರ್ಷಕ್ಕೂ ಚಾಚಿಕೊಳ್ಳಬಹುದು. ಅಷ್ಟು ಲೆಕ್ಕ ಇದ್ದವರು ಆಟವನ್ನೂ ಅವನಿಗೆ ತಕ್ಕ ಹಾಗೆ ಕಟ್ಟಿದರು. ಆ ಸುತ್ತಿನಲ್ಲಿ ಅವನನ್ನು ದಾಟಿ ಹೋದವರ ಟೇಪ್ ಬೇರೆ ಇತ್ತೇ? ಎಲ್ಲರೂ ನೋಡಿದ್ದು ಒಂದೇ ಟೇಪ್. ಕಣ್ಣು ಬೇರೆ.

ಹಾಗಂತ ಗೆದ್ದವರೆಲ್ಲ ಕಣ್ಣಿದ್ದವರು ಎನ್ನಬೇಡಿ. ನಮ್ಮ ಪರ್ಡಿ ಐಯೋವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿದವನು. ಅವನೇ ಬೇಕು ಎಂದು ನಮ್ಮವರಿಗೆ ನಿಜವಾಗಿ ಗೊತ್ತಿದ್ದರೆ 262ರ ತನಕ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರಾ? 2025ರಲ್ಲಿ ಅವನಿಗೆ ಐದು ವರ್ಷಕ್ಕೆ 265 ಮಿಲಿಯನ್ ಡಾಲರ್ ಒಪ್ಪಂದ ಆಯಿತು. ಲಾಟರಿ ಹೊಡೆಯಿತು, ಅಷ್ಟೇ.

ಬಫಲೋ_ಭಟ್ಟ

ಶೈಲಕ್ಕ, ಕೈ ಮುಗಿದೆ. ಲಾಮಾರ್ ವಿಷಯದಲ್ಲಿ ನನ್ನ ಹತ್ತಿರ ನೋಟ್‌ಬುಕ್ ಇಲ್ಲದಿರುವುದೇ ಪುಣ್ಯ.

ಸುಮ್ನೆ_ಬಂದೋನು

ಒಂದು ಸಹಾಯ. ನಾನು ಒಂದೇ ಒಂದು ಪಂದ್ಯ ನೋಡಿ ಮಂಜು ಸರ್ ಹೇಳಿದ್ದನ್ನು ಕಲಿಯಬೇಕು ಎಂದರೆ ಯಾವುದು ನೋಡಲಿ? ರಾತ್ರಿ ಯೂಟ್ಯೂಬ್‌ನಲ್ಲಿ ಸಿಗುವಂಥದ್ದು.

ಫ್ರಿಸ್ಕೋ_ಮಂಜು

ಪೀಚ್ ಬೌಲ್ ಎನ್ನುವ ಕಾಲೇಜು ಪಂದ್ಯ, 2022 ಡಿಸೆಂಬರ್ 31. ಓಹಾಯೋ ಸ್ಟೇಟ್, ಜಾರ್ಜಿಯಾ. ಸಿ.ಜೆ. ಸ್ಟ್ರೌಡ್‌ನ ನೋಡು.

ಆ ಪಂದ್ಯದ ತನಕ ಅವನ ಮೇಲೆ ಇದ್ದ ದೂರು, ಎಲ್ಲ ಸರಿ ಇದ್ದರೆ ಮಾತ್ರ ಚೆನ್ನಾಗಿ ಆಡುತ್ತಾನೆ, ಕೆಟ್ಟರೆ ಕೈಕಟ್ಟಿ ನಿಲ್ಲುತ್ತಾನೆ ಎಂದು. ನಾನೂ ಅದನ್ನೇ ಬರೆದಿದ್ದೆ. ಜಾರ್ಜಿಯಾ ಆ ಕಾಲದ ಅತಿ ಗಟ್ಟಿ ಡಿಫೆನ್ಸ್. ಅದರ ಮುಂದೆ ಅವನು ಪಾಕೆಟ್ ಬಿಟ್ಟು ಓಡಿ, ಓಡುತ್ತಲೇ ಎಸೆದು, 348 ಗಜ, 4 ಟಚ್‌ಡೌನ್. ನನ್ನ ಪುಟದಲ್ಲಿ ಹಳೇ ಸಾಲಿನ ಕೆಳಗೆ ಹೊಸ ಸಾಲು ಬಂತು.

ತಮಾಷೆ ಅಂದರೆ ಡ್ರಾಫ್ಟ್ ಮುಂಚೆ ಎಸ್2 ಎನ್ನುವ ಒಂದು ಕಂಪ್ಯೂಟರ್ ಪರೀಕ್ಷೆಯಲ್ಲಿ ಅವನ ಅಂಕ ತೀರಾ ಕಡಿಮೆ ಎಂಬ ಸುದ್ದಿ ಹೊರಗೆ ಬಿತ್ತು. ಎಷ್ಟೋ ಜನ ಅದನ್ನು ಹಿಡಿದುಕೊಂಡು ಕುಣಿದರು. ಕ್ಯಾರೊಲೈನಾ ಮೊದಲ ಆಯ್ಕೆಯಲ್ಲಿ ಬ್ರೈಸ್ ಯಂಗ್‌ನನ್ನು ತೆಗೆದುಕೊಂಡಿತು, ಹ್ಯೂಸ್ಟನ್ 2ರಲ್ಲಿ ಸ್ಟ್ರೌಡ್‌ನನ್ನು. ಮೊದಲ ಸೀಸನ್ ಅವನದು 23 ಟಚ್‌ಡೌನ್, 5 ಇಂಟರ್‌ಸೆಪ್ಷನ್. ಯಂಗ್ ಎರಡನೇ ವರ್ಷ ಎರಡೇ ಪಂದ್ಯಕ್ಕೆ ಬೆಂಚು ಕಂಡು, ಆಮೇಲೆ ವಾಪಸ್ ಬಂದು ಚೇತರಿಸಿಕೊಂಡ. ಹ್ಞಾಂ, ಯಂಗ್ ಬಗ್ಗೆಯೂ ನಾನು "ಒಳ್ಳೆಯವನು" ಎಂದೇ ಬರೆದಿದ್ದೆ. ಅಲಬಾಮಾದಲ್ಲಿ ಗದ್ದಲದ ನಡುವೆ ಅವನಷ್ಟು ತಣ್ಣಗೆ ಆಡಿದವರು ಕಡಿಮೆ. ಆದರೆ 5 ಅಡಿ 10 ಇಂಚಿನ ಹುಡುಗ, ಎದುರಿಗೆ ಆರೂವರೆ ಅಡಿ ಗೋಡೆ. ನನ್ನ ಒಂದೇ ಪ್ರಶ್ನೆ ಅಲ್ಲಿ ಸಾಲಲಿಲ್ಲ.

ಪಂದ್ಯ ನೋಡುವಾಗ ಪೇಪರ್, ಪೆನ್ನು ಇಟ್ಟುಕೋ. ಒತ್ತಡ ಬಂದ ಪ್ರತಿ ಸಲಕ್ಕೂ ಒಂದು ಗೀಟು ಎಳೆ. ಎಸೆದನಾ, ಓಡಿದನಾ, ಹೊರಗೆ ಬಿಸಾಡಿದನಾ, ಬಿದ್ದನಾ. ನಾಲ್ಕು ಕಾಲಂ.

ಸುಮ್ನೆ_ಬಂದೋನು

ನೋಡಿದೆ ಸರ್. ರಾತ್ರಿ ಒಂದೂವರೆ ಆಯಿತು. ಓಹಾಯೋ ಸ್ಟೇಟ್ ಕೊನೆಯ ಕ್ವಾರ್ಟರ್‌ಗೆ 38-24 ಮುಂದೆ ಇತ್ತು. ಅವರ ರಿಸೀವರ್ ಮಾರ್ವಿನ್ ಹ್ಯಾರಿಸನ್ ಪೆಟ್ಟು ತಿಂದು ಹೊರಗೆ ಹೋದ ಮೇಲೆ ನನ್ನ ಎದೆ ಹೊಡೆದುಕೊಳ್ಳಲು ಶುರುವಾಯಿತು. ಕೊನೆಯಲ್ಲಿ 42-41ಕ್ಕೆ ಹಿಂದೆ ಬಿದ್ದಾಗ ಸ್ಟ್ರೌಡ್ ಒಮ್ಮೆ ಚೆಂಡು ಹಿಡಿದು ಓಡಿದ ನೋಡಿ, 27 ಗಜ! ಫಲಿತಾಂಶ ಗೊತ್ತಿದ್ದೂ ಎದ್ದು ನಿಂತೆ. ಆಮೇಲೆ ಗೆಲ್ಲಲು ಹೊಡೆದ ಆ 50 ಗಜದ ಕಿಕ್ ಎಡಕ್ಕೆ ಹೋಯಿತು. ಅಲ್ಲಿ ಹೊಸ ವರ್ಷದ ಪಟಾಕಿ, ಇಲ್ಲಿ ನಾನು ತಲೆ ಮೇಲೆ ಕೈ.

ಫ್ರಿಸ್ಕೋ_ಮಂಜು

ಸರಿ, ನಾಲ್ಕು ಕಾಲಂನಲ್ಲಿ ಎಷ್ಟೆಷ್ಟು ಬಂತು?

ಸುಮ್ನೆ_ಬಂದೋನು

ಮೊದಲ ಕ್ವಾರ್ಟರ್ ತನಕ ಎಳೆದೆ ಸರ್. ಆಮೇಲೆ ಪೆನ್ನು ಎಲ್ಲಿ ಬಿತ್ತೋ ಗೊತ್ತಿಲ್ಲ.

ಫ್ರಿಸ್ಕೋ_ಮಂಜು

ಹಾಗಾದರೆ ಇವತ್ತು ರಾತ್ರಿ ಎರಡನೇ ಕ್ವಾರ್ಟರ್‌ನಿಂದ ಶುರು ಮಾಡು.